ನಡೆ, ನುಡಿ, ನನ್ನಿ: ಸದ್ಗುಣವನ್ನು ಹೇಳುವ ಹಳೆಯ ಕನ್ನಡದ ಮಾತುಗಳು



ಕೆಲವು ದಿನಗಳ ಹಿಂದೆ ಚಿತ್ರದುರ್ಗದ ಸೀಮೆಯ ತುರುವನೂರಿನಿಂದ ವೃದ್ಧರೊಬ್ಬರು ತಮ್ಮ ಮೊಮ್ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಹುಡುಗನಿಗೆ ಪಟ್ಟಣದಲ್ಲಿ ಒಂದು ಕೆಲಸವಾಗುವ ಸಂಭವವಿತ್ತು. ಅದಕ್ಕಾಗಿ ಪರಿಚಿತರಾದ ಒಬ್ಬರಿಂದ ಗುಣನಡತೆಯ ಪತ್ರವೊಂದು ಬೇಕಾಗಿತ್ತು. ಅಚ್ಚಾದ ನಮೂನೆಯನ್ನು ಅವರೇ ತಂದಿದ್ದರು. ಹೆಸರು, ತಂದೆಯ ಹೆಸರು, ಊರು, ಇಷ್ಟಕ್ಕೆಲ್ಲ ಉದ್ದುದ್ದನೆಯ ಗೆರೆಗಳಿದ್ದುವು. ‘ನಡತೆ’ ಎಂಬುದರ ಮುಂದೆ ಮಾತ್ರ ಎರಡು ಬೆರಳಗಲದ ಜಾಗ. ಹುಡುಗನನ್ನು ನಾನು ಬಲ್ಲೆನಾದರೂ ಅವನನ್ನು ಬೆಳೆಯಿಸಿದವರ ಬಾಯಿಂದಲೇ ಕೇಳೋಣವೆಂದು, “ನಿಮ್ಮ ಹುಡುಗ ಹೇಗೆ, ಯಜಮಾನರೆ?” ಎಂದೆನು. ಮುದುಕರು ಒಂದು ಗಳಿಗೆ ಯೋಚಿಸಿ, “ಕೈ ಶುದ್ಧ ಐತೆ, ಸ್ವಾಮಿ. ಮಾತು ಒಂದೇ, ಎರಡಿಲ್ಲ. ಕರುಳಿರೋ ಹುಡುಗ” ಎಂದರು.

ನಾನು ಲೇಖನಿಯನ್ನು ತೆಗೆದುಕೊಂಡು ಆ ಎರಡು ಬೆರಳಗಲದ ಜಾಗದಲ್ಲಿ ಬರೆಯಹೊರಟದ್ದು ‘ಉತ್ತಮ’ ಎಂಬ ಒಂದೇ ಶಬ್ದವನ್ನು. ಬರೆಯುವುದಕ್ಕೆ ಮುಂಚೆ ನಾಚಿಕೆಯಾಯಿತು. ಓದುಬರಹ ಬಾರದ ಆ ಹಿರಿಯರು ಒಬ್ಬ ಮನುಷ್ಯನನ್ನು ಮೂರು ಬೇರೆ ಬೇರೆ ಸ್ಥಳಗಳಲ್ಲಿ ತೂಗಿ ನೋಡಿ ಮೂರು ತೂಕಗಳನ್ನೂ ಹೇಳಿದರು. ಪುಸ್ತಕಗಳ ನಡುವೆ ಕುಳಿತ ನನ್ನ ಬಳಿ ಇದ್ದದ್ದು ಒಂದೇ ಬಟ್ಟು. ಉತ್ತಮವಾದ ಅಕ್ಕಿ, ಉತ್ತಮವಾದ ಸೀಮೆಎಣ್ಣೆ, ಉತ್ತಮವಾದ ಹುಡುಗ! ಒಳ್ಳೆಯವರನ್ನು ಹೊಗಳುವುದಕ್ಕೆ ಕನ್ನಡಕ್ಕೆ ಇಷ್ಟು ಬಡತನವೆ? ಅಥವಾ ಬಡತನ ನಮ್ಮದೆ? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಕಂಡುಕೊಂಡ ಕೆಲವು ಸಂಗತಿಗಳನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇನೆ.

ಮೊದಲು ಆ ‘ನಡತೆ’ ಎಂಬ ಶಬ್ದವನ್ನೇ ನೋಡೋಣ. ಅದು ನಡೆ ಎಂಬ ಧಾತುವಿನಿಂದ ಬಂದದ್ದೆಂದು ಯಾರಿಗಾದರೂ ತಿಳಿಯುತ್ತದೆ. ನಡೆ, ನಡತೆ, ನಡವಳಿಕೆ, ಎಲ್ಲವೂ ಕಾಲಿನ ಮಾತುಗಳು. ಸಂಸ್ಕೃತದಿಂದ ನಾವು ತಂದುಕೊಂಡ ಆಚಾರ, ಚಾರಿತ್ರ ಎಂಬ ಶಬ್ದಗಳೂ ಹಾಗೆಯೇ. ‘ಚರ್’ ಎಂದರೆ ಸಂಚರಿಸುವುದು. ಮನುಷ್ಯನ ಗುಣವೆಂಬುದು ಅವನು ನಡೆದ ದಾರಿಯೆಂದು, ನಡೆಯುತ್ತಿರುವವರೆಗೂ ಪೂರ್ತಿಯಾಗದ ಸಂಗತಿಯೆಂದು ಈ ಶಬ್ದಗಳ ಭಾವ. ಇಂಗ್ಲಿಷಿನವರು ಹೇಳುವ ‘ಕ್ಯಾರಕ್ಟರ್’ ಎಂಬ ಶಬ್ದದ ವಂಶ ಬೇರೆ. ಅದು ಗ್ರೀಕರಿಂದ ಬಂದದ್ದು. ಅವರಲ್ಲಿ ಅದಕ್ಕೆ ನಾಣ್ಯದ ಮೇಲೆ ಒತ್ತುವ ಅಚ್ಚು, ಕೊರೆದ ಗುರುತು ಎಂದು ಅರ್ಥವಿತ್ತು. ಒಂದು ಕಡೆ ಮನುಷ್ಯನನ್ನು ದಾರಿಹೋಕನೆಂದು ಕಂಡರು. ಇನ್ನೊಂದು ಕಡೆ ಮುದ್ರೆಯೊತ್ತಿದ ನಾಣ್ಯವೆಂದು ಕಂಡರು. ಎರಡರಲ್ಲಿಯೂ ಸತ್ಯವಿಲ್ಲದೆ ಇಲ್ಲ. ಆದರೆ ಮೊಹರಿಗಾಗಿ ಜಾಗ ಬಿಟ್ಟಿರುವ ಆ ನಮೂನೆಯ ಕಾಗದವು ಯಾವ ಮತದ್ದೆಂಬುದನ್ನು ಹೇಳಬೇಕಾಗಿಲ್ಲವಷ್ಟೆ.

ಈ ವಿಷಯದಲ್ಲಿ ಚಿತ್ರದುರ್ಗದ ಸೀಮೆಯು ಬಹಳ ಭಾಗ್ಯಶಾಲಿಯಾದದ್ದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವೊಂದಿದೆ. ಅದನ್ನು ೧೮೯೨ರಲ್ಲಿ ಪತ್ತೆಮಾಡಿದವರು ರೈಸ್ ಸಾಹೇಬರು. ಕ್ರಿಸ್ತನಿಗೆ ಮುಂಚೆ ಮೂರನೆಯ ಶತಮಾನದ ಆ ಬಂಡೆಯ ಮೇಲೆ, ತಾಯಿತಂದೆಗಳ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ಆದರವಿರಬೇಕು, ಸತ್ಯವನ್ನೇ ಆಡಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ನಂಟರಲ್ಲಿ ತಕ್ಕಂತೆ ನಡೆಯಬೇಕು ಎಂಬ ಅಭಿಪ್ರಾಯವು ಪ್ರಾಕೃತದಲ್ಲಿ ಕೊರೆಯಲ್ಪಟ್ಟಿದೆ. ಇವನ್ನೆಲ್ಲ ಹೇಳಿ, ಇದು ಹಿಂದಿನಿಂದ ಬಂದ ಪ್ರಕೃತಿಯೆಂದು ಚಕ್ರವರ್ತಿಯೇ ಒಪ್ಪಿಕೊಳ್ಳುತ್ತಾನೆ. ಅಷ್ಟು ಹಿಂದಿನವನಿಗೂ ಸದ್ಗುಣವೆಂಬುದು ಅವನಿಗಿಂತ ಹಿಂದಿನದಾಗಿತ್ತು! ನಾವಿಂದು ಹಳೆಯ ಕಾಲದವರ ಒಳ್ಳೆಯತನವನ್ನು ನೆನೆದು ನಿಟ್ಟುಸಿರು ಬಿಡುವಾಗ ಈ ಬಂಡೆಯನ್ನು ನೆನೆಯುವುದು ಒಳ್ಳೆಯದು.

ಆದರೆ ಅದು ಪ್ರಾಕೃತ. ಕನ್ನಡದ ಮಾತು ಬೇಕೆಂದರೆ ಚಿತ್ರದುರ್ಗದ ಪಟ್ಟಣಕ್ಕೆ ಸಮೀಪವಾದ ತಮಟಕಲ್ಲಿಗೆ ಹೋಗಬೇಕು. ಅಲ್ಲಿಯ ಕಲ್ಲೊಂದರ ಮೇಲೆ ಒಬ್ಬ ವೀರನ ವಿಷಯವಾದ ಪದ್ಯವಿದೆ. ಕನ್ನಡದಲ್ಲಿ ನಮಗೆ ದೊರೆತಿರುವ ಪದ್ಯಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರಿದ್ದು ಅದು. ಆ ವೀರನನ್ನು ಅದು ರಣದಲ್ಲಿ ಶೂರನೆಂದೂ ಒಲಿದು ಬಂದವರಿಗೆ ಪ್ರಿಯನೆಂದೂ ಹೊಗಳುತ್ತದೆ. ಅವನ ಹೆಸರು ಗುಣಮಧುರ. ಗುಣದಲ್ಲಿ ಸಿಹಿಯಾದವನು! ಬಾದಾಮಿಯ ಬಂಡೆಯ ಮೇಲಿರುವ, ಸುಮಾರು ಕ್ರಿ. ಶ. ೭೦೦ರ ಕಾಲದ್ದೆಂದು ಎಣಿಸುವ ಕಪ್ಪೆ ಅರಭಟ್ಟನ ಶಾಸನವು ತಮಗೆಲ್ಲ ಪರಿಚಿತವಾದದ್ದೆ. ಅಲ್ಲಿಯೂ ಇದೇ ರುಚಿಯ ಮಾತು ಬರುತ್ತದೆ. ಅವನು ಸಾಧುವಾದವನಿಗೆ ಸಾಧು, ಸವಿಯಾಗಿ ಬಂದವನಿಗೆ ಸವಿ, ಪೀಡಿಸಹೊರಟವನಿಗೆ ಮಾತ್ರ ವಿಪರೀತನೆಂದು ಅದರ ತಾತ್ಪರ್ಯ. ಒಳ್ಳೆಯ ಗುಣವನ್ನು ನಾಲಗೆಗೆ ಹತ್ತುವ ಸಿಹಿಯೆಂದು ಕರೆದ ಆ ಹಳಬರು, ಅದೇ ಗಳಿಗೆಯಲ್ಲಿ ಅದರೊಳಗೆ ಒಂದು ಅಲಗನ್ನೂ ಇಟ್ಟಿದ್ದರು. ಈ ಅಲಗಿನ ಮಾತನ್ನು ತಾವು ನೆನಪಿನಲ್ಲಿಟ್ಟಿರಬೇಕು. ಮುಂದೆ ಅದು ಬೇಕಾಗುತ್ತದೆ.

ಈಗ ಶಬ್ದಗಳಿಗೆ ಬರುತ್ತೇನೆ. ಹಳಗನ್ನಡದಲ್ಲಿ ಸತ್ಯಕ್ಕೆ ‘ನನ್ನಿ’ ಎಂದು ಹೆಸರು. ನಲ್ಲ, ನಲ್ಮೆ ಎಂಬ ಶಬ್ದಗಳಲ್ಲಿ ಕಾಣುವ ‘ನಲ್’ ಎಂಬ ಬೇರಿಗೆ ಒಳ್ಳೆಯದೆಂದು ಅರ್ಥ. ನನ್ನಿಯೂ ಅದೇ ಬೇರಿನ ಚಿಗುರು. ತಮಿಳಿನಲ್ಲಿ ಇದರ ಒಡಹುಟ್ಟು ‘ನನ್ಱಿ’. ಅಲ್ಲಿ ಅದಕ್ಕೆ ಉಪಕಾರಸ್ಮರಣೆಯೆಂಬ ಅರ್ಥ ಬಲವಾಯಿತು. ಒಂದೇ ತಾಯಿಯ ಮಕ್ಕಳಲ್ಲಿ ತಮಿಳಿನವನು ಒಳ್ಳೆಯತನದ ತಿರುಳನ್ನು ಕೃತಜ್ಞತೆಯಲ್ಲಿ ಕಂಡನು, ಕನ್ನಡಿಗನು ಸತ್ಯದಲ್ಲಿ ಕಂಡನು. ಈ ಮಾತಿಗೆ ನಮ್ಮವರು ಎಷ್ಟು ಬೆಲೆ ಕೊಡುತ್ತಿದ್ದರೆಂಬುದು ಗಂಗರ ಬಿರುದುಗಳಿಂದ ತಿಳಿಯುತ್ತದೆ. ಆ ವಂಶದ ದೊರೆಗಳು ಸತ್ಯವಾಕ್ಯ, ನೀತಿಮಾರ್ಗ ಎಂಬ ಹೆಸರುಗಳನ್ನು ಧರಿಸುತ್ತಿದ್ದರು. ಅವರಲ್ಲೊಬ್ಬನಾದ ಬೂತುಗನನ್ನು ‘ನನ್ನಿಯ ಗಂಗ’ನೆಂದೇ ಕರೆದರು. ಗಂಗರ ಮಂತ್ರಿಯಾಗಿ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಯುದ್ಧಗಳಲ್ಲಿ ಪಡೆದ ಬಿರುದುಗಳು ಅನೇಕ. ಅವುಗಳ ನಡುವೆ ಸತ್ಯಯುಧಿಷ್ಠಿರ ಎಂಬುದೊಂದುಂಟು. ಹಾಸ್ಯಕ್ಕೆ ಕೂಡ ಸುಳ್ಳಾಡದವನಾದ್ದರಿಂದ ಅದು ಬಂತಂತೆ. ನನಗಂತೂ ಸಮರಪರಶುರಾಮ ಎಂಬುದಕ್ಕಿಂತ ಇದೇ ಕಠಿನವಾದ ಬಿರುದೆಂದು ತೋರುತ್ತದೆ.

ಆಮೇಲೆ ಚಲ, ಚಾಗ, ಬೀರ. ಚಾಗವೆಂದರೆ ತ್ಯಾಗ, ಕೊಡುಗೈತನ. ಬೀರವೆಂದರೆ ವೀರ್ಯ. ಇವೆರಡೂ ಸಂಸ್ಕೃತದಿಂದ ಬಂದು ಕನ್ನಡದ ನಾಲಗೆಯ ಮೇಲೆ ಮೆದುವಾದುವು. ‘ಚಲ’ವೆಂಬುದನ್ನು ಇಂದು ಹಟವೆಂಬ ಅರ್ಥದಲ್ಲಿ ಬಳಸುತ್ತೇವೆ. ಹಳಬರಲ್ಲಿ ಅದು ಹಿಡಿದದ್ದನ್ನು ಬಿಡದ ನಿಶ್ಚಯ. ಚಲದಂಕರಾಮ, ಚಲದಂಕಗಂಗ ಎಂದು ದೊಡ್ಡವರು ಅದನ್ನು ಬಿರುದಾಗಿ ಹೊತ್ತರು. ಪಂಪನು ತನ್ನ ಭಾರತವನ್ನು ಮುಗಿಸುವಾಗ ಒಬ್ಬೊಬ್ಬ ವೀರನಿಗೂ ಒಂದೊಂದು ಗುಣವನ್ನು ಹಂಚಿಕೊಡುತ್ತಾನೆ. ಚಲವನ್ನು ದುರ್ಯೋಧನನಿಗೆ ಕೊಟ್ಟನು. ಧರ್ಮವನ್ನು ಧರ್ಮರಾಯನಿಗೆ ಕೊಟ್ಟನು. ನನ್ನಿಯನ್ನು ಕೊಟ್ಟದ್ದು ಯಾರಿಗೆ? ಧರ್ಮರಾಯನಿಗಲ್ಲ, ಕರ್ಣನಿಗೆ. ಶತ್ರುಪಕ್ಷದ ಇಬ್ಬರಿಗೆ ಚಲ, ನನ್ನಿ ಎರಡನ್ನೂ ಕೊಟ್ಟುಬಿಡುವ ಧೈರ್ಯ ೯೪೧ರ ಸುಮಾರಿನ ಒಬ್ಬ ಆಸ್ಥಾನಕವಿಗೆ ಇತ್ತು. ಗುಣಗಳಿಗೆ ಬೇರೆ ಬೇರೆ ಹೆಸರುಗಳಿದ್ದರೆ ಇಂಥ ನ್ಯಾಯವು ಸಾಧ್ಯವಾಗುತ್ತದೆ. ಒಳ್ಳೆಯವನು, ಕೆಟ್ಟವನು ಎಂಬ ಎರಡೇ ಶಬ್ದಗಳಿದ್ದರೆ ದುರ್ಯೋಧನನನ್ನು ಒಂದು ಮೂಟೆಯಲ್ಲಿ ಕಟ್ಟಿ ಹಾಕುವುದಲ್ಲದೆ ಬೇರೆ ಗತಿಯಿಲ್ಲ.

‘ನೆಗಳ್ತೆ’ಯೆಂಬುದು ಇನ್ನೊಂದು ಸೊಗಸಾದ ಮಾತು. ಕೀರ್ತಿಯೆಂದು ಅದರ ಅರ್ಥ. ‘ನೆಗಳ್’ ಎಂಬ ಧಾತುವಿಗೆ ಮಾಡು, ಆಚರಿಸು ಎಂದೂ ಪ್ರಸಿದ್ಧಿಗೆ ಬಾ ಎಂದೂ ಎರಡರ್ಥಗಳಿವೆ. ಮಾಡಿದ್ದೇ ಹೆಸರಾಗುತ್ತದೆ, ಮಾಡದೆ ಹೆಸರು ಬರುವ ಉಪಾಯಗಳು ಆ ಕಾಲಕ್ಕೆ ಇನ್ನೂ ಹುಟ್ಟಿರಲಿಲ್ಲವೆಂದು ತೋರುತ್ತದೆ. ‘ಸೈರಣೆ’ ಇನ್ನೂ ನಮ್ಮೊಡನೆ ಇದೆ. ಆದರೆ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಆ ಮಾತಿಗೆ ಇದ್ದ ಎತ್ತರವನ್ನು ನಾವು ಮರೆತಿದ್ದೇವೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲವನಿಗೆ ಅದೇ ನಿಜವಾದ ‘ಕಸವರ’, ಅಂದರೆ ಬಂಗಾರ, ಎಂಬ ಭಾವದ ಮಾತು ಅಲ್ಲಿದೆ. ಈಗ ಸೈರಿಸುವುದೆಂದರೆ ಹಲ್ಲುನೋವನ್ನು ಸೈರಿಸುವುದು, ಅತ್ತೆಯ ಕಾಟವನ್ನು ಸೈರಿಸುವುದು. ‘ಮರ್ಯಾದೆ’ಯ ಕಥೆಯೂ ಹೀಗೆಯೇ. ಮೊದಲಿಗೆ ಅದು ಎಲ್ಲೆ, ಗಡಿ. ಶಾಸನಗಳಲ್ಲಿ ‘ಪೂರ್ವಮರ್ಯಾದೆ’ಯೆಂದರೆ ಹಿಂದಿನಿಂದ ನಡೆದುಬಂದ ಕಟ್ಟಳೆ. ತನ್ನ ಎಲ್ಲೆಯನ್ನು ತಾನರಿತವನು ಮರ್ಯಾದಸ್ಥನು. ಈಗ ಮರ್ಯಾದೆಯನ್ನು ಇತರರು ನಮಗೆ ‘ಕೊಡಬೇಕು’, ಕೊಡದಿದ್ದರೆ ಜಗಳ.

ಬಿರುದುಗಳಲ್ಲಿ ಬರುವ ಮಾತುಗಳನ್ನೂ ಸ್ವಲ್ಪ ಕೇಳಿರಿ. ಶರಣಾಗತವಜ್ರಪಂಜರ: ಮರೆಹೊಕ್ಕವರಿಗೆ ವಜ್ರದ ಗೂಡಾದವನು. ಪರನಾರೀಸಹೋದರ: ಪರರ ಹೆಂಡಿರಿಗೆ ಒಡಹುಟ್ಟಿದವನಾದವನು. ನುಡಿದಂತೆ ಗಂಡ: ಆಡಿದಂತೆ ನಡೆಯುವ ಗಂಡುತನದವನು. ಇವೆಲ್ಲ ರಾಜರ ಮತ್ತು ದಂಡನಾಯಕರ ಮಾತುಗಳೆಂದುಕೊಳ್ಳಬೇಡಿ. ಐಹೊಳೆಯ ಐನೂರ್ವರೆಂಬ ವರ್ತಕರ ಸಂಘದವರು ತಮ್ಮ ಶಾಸನಗಳಲ್ಲಿ ಸತ್ಯ, ಶೌಚ, ಚಾರಿತ್ರ, ನಯ, ವಿನಯಗಳನ್ನು ತಮ್ಮ ಗುಣಗಳೆಂದು ಹೇಳಿಕೊಂಡಿದ್ದಾರೆ. ಊರಿಂದೂರಿಗೆ ಕತ್ತೆ ಕೋಣಗಳ ಮೇಲೆ ಸರಕು ಹೇರಿಕೊಂಡು, ಗುರುತಿಲ್ಲದವರೊಡನೆ ವ್ಯಾಪಾರ ಮಾಡುವವರಿಗೆ ನಂಬಿಕೆಯೇ ಬಂಡವಾಳವಷ್ಟೆ. ತೂಕದ ಕಲ್ಲು ಒಂದು ಊರಿನಲ್ಲಿ ಹಗುರವಾದರೆ ಮುಂದಿನ ಊರಿನ ಬಾಗಿಲು ಮುಚ್ಚುತ್ತಿತ್ತು. ನನ್ನ ಮನೆಗೆ ಬಂದ ಮುದುಕರ ‘ಕೈ ಶುದ್ಧ’ವೆಂಬ ಮಾತು ಈ ಶೌಚದ ಮೊಮ್ಮಗ. ಕೈ, ಬಾಯಿ, ಕಚ್ಚೆ ಎಂದು ಮೂರು ಶುದ್ಧಿಗಳನ್ನು ನಮ್ಮ ಹಳ್ಳಿಯವರು ಇಂದಿಗೂ ಎಣಿಸುತ್ತಾರೆ. ಹಣ, ಮಾತು, ಕಾಮ, ಈ ಮೂರು ಗಡಿಗಳನ್ನು ಬಿಟ್ಟು ಮನುಷ್ಯನು ಕೆಡುವ ನಾಲ್ಕನೆಯ ಸ್ಥಳವನ್ನು ಹೇಳುವುದು ಕಷ್ಟ.

ಇನ್ನು ‘ಜೋಳವಾಳಿ’. ಇದನ್ನು ಕೇಳಿದರೆ ಬಯಲುಸೀಮೆಯವರ ಮೈ ನವಿರೇಳಬೇಕು. ಯಾರ ಜೋಳವನ್ನು ಉಂಡೆವೊ ಅವರಿಗೆ ಸಲ್ಲಬೇಕಾದ ನಿಷ್ಠೆಗೆ ಪಂಪ ರನ್ನರ ಕಾಲದಲ್ಲಿ ಇದು ಹೆಸರು. ರಾಜಭಕ್ತಿ, ಸ್ವಾಮಿಭಕ್ತಿ ಎಂಬ ಶಬ್ದಗಳಿದ್ದರೂ ಕನ್ನಡಿಗನಿಗೆ ಬೇಕಾಗಿದ್ದದ್ದು ಹಿಟ್ಟಿನ ವಾಸನೆಯುಳ್ಳ ಒಂದು ಶಬ್ದ. ಉಪ್ಪಿನ ಋಣವೆಂದು, ಉಂಡ ಮನೆಯ ಗಳ ಎಣಿಸಬಾರದೆಂದು ನಾವಾಡುವುದು ಇದರ ಮುಂದುವರಿದ ರೂಪ. ಆದರೆ ಈ ಶಬ್ದದ ಎದುರಿಗೆ ನಾನು ಕೈ ಮುಗಿದು ಸುಮ್ಮನಿರಲಾರೆ. ಜೋಳವಾಳಿಯ ಬಲದಿಂದ ಕರ್ಣನು ತನ್ನ ಹುಟ್ಟನ್ನು ತಿಳಿದ ಮೇಲೆಯೂ ದುರ್ಯೋಧನನನ್ನು ಬಿಡಲಿಲ್ಲ. ಅದು ಅವನ ಹಿರಿಮೆ, ಅದೇ ಅವನ ಕೇಡು. ಹೊಯ್ಸಳರ ಕಾಲದಲ್ಲಿ ದೊರೆಯೊಡನೆ ಪ್ರಾಣ ಬಿಡುವ ಪ್ರತಿಜ್ಞೆ ಮಾಡಿದ ಗರುಡರಿದ್ದರು. ಎರಡನೆಯ ಬಲ್ಲಾಳನೊಡನೆ ಮಡಿದ ಕುವರಲಕ್ಷ್ಮನ ಕಂಬ ಹಳೇಬೀಡಿನಲ್ಲಿದೆ. ಹಾಗೆಯೇ ಊರೂರಿನ ಮಾಸ್ತಿಕಲ್ಲುಗಳ ಮೇಲೆ, ಗಂಡನ ಚಿತೆಯನ್ನೇರಿದ ಹೆಂಗಸರಿಗೆ ‘ಮಹಾಸತಿ’ಯೆಂಬ ಹೆಸರು. ಹೊಗಳಿಕೆಯ ಶಬ್ದವು ಒಬ್ಬ ಮನುಷ್ಯನನ್ನು ಎತ್ತಿ ನಿಲ್ಲಿಸುವಂತೆಯೇ ಬೆಂಕಿಗೂ ತಳ್ಳಬಲ್ಲುದು. ಆದಕಾರಣ ಹಳೆಯ ಶಬ್ದಗಳನ್ನೆಲ್ಲ ಮತ್ತೆ ಚಲಾವಣೆಗೆ ತರಬೇಕೆಂದು ನಾನು ಹೇಳುವವನಲ್ಲ. ಹೆಂಗಸರ ವಿಷಯದಲ್ಲಿ ಒಂದು ಶಬ್ದ ಬೇಕಾದರೆ ಲಕ್ಕುಂಡಿಯ ಅತ್ತಿಮಬ್ಬೆಗೆ ಸಂದ ಬಿರುದನ್ನು ನೋಡಿ. ದಾನಚಿಂತಾಮಣಿಯೆಂಬುದು ಎಲ್ಲರಿಗೂ ಗೊತ್ತು. ಅವಳಿಗೆ ‘ಗುಣದಂಕಕಾರ್ತಿ’ ಎಂದೂ ಹೆಸರಿತ್ತು: ಗುಣವನ್ನೇ ಬಿರುದಾಗಿ ಧರಿಸಿದವಳು. ಗಂಡನ ಮಾತೇ ಅದರಲ್ಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಶರಣರು ಬಂದು ಈ ಶಬ್ದಕೋಶವನ್ನು ಬುಡಮೇಲು ಮಾಡಿದರು. ಬೀರ, ಬಿರುದು, ಗಂಡುತನಗಳನ್ನು ಬದಿಗಿಟ್ಟು ದಯೆ, ವಿನಯ, ಕಾಯಕಗಳನ್ನು ಮುಂದಕ್ಕೆ ತಂದರು. ಎದುರಿಗಿದ್ದವನನ್ನು ‘ಅಯ್ಯಾ’ ಎಂದು ಕರೆಯುತ್ತೀಯೊ, ‘ಎಲವೋ’ ಎಂದು ಕರೆಯುತ್ತೀಯೊ ಎಂಬಷ್ಟರಲ್ಲಿಯೇ ಸ್ವರ್ಗ ನರಕಗಳನ್ನು ಬಸವಣ್ಣನವರು ಕಂಡರು. ಆ ಶರಣರಲ್ಲಿ ದನ ಕಾಯುವ ಕಾಯಕದವರೊಬ್ಬರಿದ್ದರು. ತುರುಗಾಹಿ ರಾಮಣ್ಣನೆಂದು ಅವರ ಹೆಸರು.

ತುರುಗಾಹಿಯೆಂದೊಡನೆ ನಾವು ತುರುವನೂರಿಗೆ ಮರಳಿದೆವು. ‘ತುರು’ವೆಂದರೆ ದನ. ಹಿಂದೆ ಅದನ್ನು ಶಕಟರೇಫದಿಂದ ‘ತುಱು’ ಎಂದು ಬರೆಯುತ್ತಿದ್ದರು. ಊರಿನ ಹೆಸರನ್ನು ಹೇಳುವಾಗ ಕಿವಿಗೆ ಮೊದಲು ಬೀಳುವುದೇ ಈ ಶಬ್ದ. ದನಕರುಗಳೇ ಸಂಪತ್ತಾಗಿದ್ದ ಕಾಲದಲ್ಲಿ ನೆರೆನಾಡಿನವರು ಅವನ್ನು ಹೊಡೆದುಕೊಂಡು ಹೋಗುವುದಕ್ಕೆ ‘ತುರುಗೊಳ್’ ಎಂದು ಹೆಸರು. ಅಡ್ಡಗಟ್ಟಿ ಕಾದಿ, ದನಗಳನ್ನು ಹಿಂದಕ್ಕೆ ತಿರುಗಿಸಿ, ತಾನು ಸತ್ತವನಿಗೆ ಊರವರು ಕಲ್ಲು ನಿಲ್ಲಿಸಿದರು. ಹೆಂಗಸರ ಮೊರೆ ಕೇಳಿ ಓಡಿಬಂದು ಮಡಿದವನ ಕಲ್ಲಿನಲ್ಲಿ ‘ಪೆಣ್ಬುಯ್ಯಲ್’ ಎಂದಿರುತ್ತದೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ‘ನೆತ್ತರುಗೊಡಗೆ’ಯೆಂದು ಹೆಸರು. ಕನ್ನಡನಾಡಿನ ಎಷ್ಟೋ ಹಳ್ಳಿಗಳ ಮೊಟ್ಟಮೊದಲ ಗುಣನಡತೆಯ ಪತ್ರಗಳು ಈ ವೀರಗಲ್ಲುಗಳೇ. ರಾಜನ ಬಿರುದಿನಂತೆ ಬಾಡಿಗೆಯ ಕವಿ ಹೊಸೆದದ್ದಲ್ಲ ಅದು. ನೆರೆಹೊರೆಯವರು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದು.

ಇಷ್ಟೆಲ್ಲ ಶಬ್ದಗಳಿದ್ದ ನಾಡಿನಲ್ಲಿ ಈಗ ಏನಾಗಿದೆ? ಶಬ್ದಗಳು ಸತ್ತದ್ದು ಅಷ್ಟು ದೊಡ್ಡ ನಷ್ಟವಲ್ಲ; ಎಲ್ಲ ಭಾಷೆಗಳಲ್ಲಿಯೂ ಸಾಯುತ್ತವೆ. ನನ್ನ ಚಿಂತೆ ಬೇರೆ. ಉಳಿದ ಶಬ್ದಗಳು ಇಳಿದುಹೋಗಿವೆ. ‘ಪೆರ್ಮೆ’ಯೆಂದರೆ ಹಿರಿತನವಾಗಿತ್ತು; ಅದು ಹೆಮ್ಮೆಯಾಗಿ ತನ್ನನ್ನು ತಾನು ಹೊಗಳಿಕೊಳ್ಳುವಲ್ಲಿಗೆ ಬಂತು. ಅರಭಟ್ಟನು ಸಾಧುವಾಗಿದ್ದನು, ಆದರೆ ಅವನನ್ನು ಕೆಣಕಿದವನು ಉಳಿಯುತ್ತಿರಲಿಲ್ಲ. ಇಂದು ನಾವು ಸಾಧುವೆನ್ನುವುದು ಯಾರನ್ನು? ಹೊಡೆದರೂ ತಿರುಗಿ ನೋಡದವನನ್ನು, ಹಾಯದ ಹಸುವನ್ನು. “ಪಾಪ, ಒಳ್ಳೆಯವನು” ಎಂದು ಹೇಳುತ್ತೇವೆ. ಒಳ್ಳೆಯತನಕ್ಕೆ ಮುಂಚೆ ‘ಪಾಪ’ವೆಂಬ ಮರುಕದ ಮಾತು ಸೇರಿಕೊಂಡದ್ದು ಎಂದಿನಿಂದ? ಇದು ನಮ್ಮೊಬ್ಬರ ರೋಗವೂ ಅಲ್ಲ. ಇಂಗ್ಲಿಷಿನಲ್ಲಿ ಪೆದ್ದನಿಗೆ ‘ಸಿಲ್ಲಿ’ ಎನ್ನುತ್ತಾರಲ್ಲ, ಆ ಶಬ್ದಕ್ಕೆ ಹಿಂದೆ ಧನ್ಯನು, ದೇವರ ಅನುಗ್ರಹಕ್ಕೆ ಪಾತ್ರನಾದವನು ಎಂಬ ಅರ್ಥವಿತ್ತು. ಧನ್ಯನು ಮೊದಲು ನಿರಪರಾಧಿಯಾದನು, ಆಮೇಲೆ ಮರುಕಕ್ಕೆ ಪಾತ್ರನಾದನು, ಕೊನೆಗೆ ಪೆದ್ದನಾದನು.

ತಮ್ಮ ಹಳೆಯ ಮಾತುಗಳನ್ನು ಹೀಗೆ ಕಳೆದುಕೊಳ್ಳುವ ಭಯದಿಂದ ಅವನ್ನು ಕೂಡಿಟ್ಟವರ ಒಂದು ಉದಾಹರಣೆಯನ್ನು ಹೇಳಬೇಕು. ಸ್ಕಾಟ್ಲೆಂಡಿನಲ್ಲಿ ಜಾನ್ ಜೇಮಿಸನ್ ಎಂಬ ಪಾದ್ರಿ ೧೮೦೮ರಲ್ಲಿ ಸ್ಕಾಟರ ಮಾತಿನ ದೊಡ್ಡ ನಿಘಂಟೊಂದನ್ನು ಪ್ರಕಟಿಸಿದನು. ಹಳೆಯ ಗ್ರಂಥಗಳಿಂದಲೂ ಹಳ್ಳಿಗರ ಬಾಯಿಂದಲೂ ಆಯ್ದ ಶಬ್ದಗಳು ಅದರಲ್ಲಿವೆ. ಸದ್ಗುಣವನ್ನು ಹೇಳುವ ಅವರ ಮಾತುಗಳಲ್ಲಿ ನಾಲ್ಕನ್ನು ಮಾತ್ರ ಹೇಳುತ್ತೇನೆ. ‘ಲೀಲ್’ ಎಂದರೆ ಕೊಟ್ಟ ಮಾತಿಗೂ ನಚ್ಚಿದವರಿಗೂ ತಪ್ಪದವನು. ಅವರು ಸ್ವರ್ಗವನ್ನೇ ಲೀಲ್ ಆದವರ ನಾಡೆಂದು ಕರೆದರು. ‘ಡೂಸ್’ ಎಂದರೆ ಸೌಮ್ಯ, ಗಂಭೀರ. ಅದು ಫ್ರೆಂಚರಿಂದ ಬಂದ ಶಬ್ದ, ಮೂಲದಲ್ಲಿ ಅದರ ಅರ್ಥ ಸಿಹಿ! ತಮಟಕಲ್ಲಿನ ಗುಣಮಧುರನು ಅಲ್ಲಿ ಹುಟ್ಟಿದ್ದರೆ ಅವನನ್ನು ಡೂಸ್ ಎನ್ನುತ್ತಿದ್ದರು. ‘ಕ್ಯಾನಿ’ 
ಎಂದರೆ ಎಚ್ಚರಿಕೆಯುಳ್ಳ ಜಾಣ. ಬಲ್ಲುದು ಎಂಬರ್ಥದ ಧಾತುವಿನಿಂದ ಬಂದದ್ದು, ನಮ್ಮ ‘ಬಲ್ಲವ’ನಂತೆ. ನಾಲ್ಕನೆಯದು ‘ಏಫಾಲ್ಡ್’. ಅಕ್ಷರಶಃ ಒಂದೇ ಮಡಿಕೆಯುಳ್ಳವನು, ಒಳಗೊಂದು ಹೊರಗೊಂದು ಇಲ್ಲದವನು. ಬಟ್ಟೆಯನ್ನು ಮಡಿಸಿದರಲ್ಲವೆ ಏನನ್ನಾದರೂ ಅಡಗಿಸಲು ಸಾಧ್ಯ! ಇದನ್ನು ಓದಿದಾಗ ನನಗೆ ಕೇಳಿಸಿದ್ದು ಸ್ಕಾಟರ ದನಿಯಲ್ಲ. “ಮಾತು ಒಂದೇ, ಎರಡಿಲ್ಲ” ಎಂದ ತುರುವನೂರಿನ ಮುದುಕರ ದನಿ.

ನಮ್ಮಲ್ಲಿಯೂ ಇಂಥ ಕೆಲಸ ನಡೆದಿಲ್ಲವೆಂದಲ್ಲ. ಜರ್ಮನಿಯಿಂದ ಬಂದ ಕಿಟೆಲ್ ಸಾಹೇಬರು ೧೮೯೪ರಲ್ಲಿ ಮಂಗಳೂರಿನಲ್ಲಿ ತಮ್ಮ ನಿಘಂಟನ್ನು ಮುಗಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಮಹಾನಿಘಂಟು ಎಂಟು ಸಂಪುಟಗಳಲ್ಲಿ ಹೊರಬಂದಿದೆ. ನನ್ನಿ, ಚಾಗ, ನೆಗಳ್ತೆಗಳು ಅಲ್ಲಿ ಭದ್ರವಾಗಿವೆ. ಆದರೆ ನಿಘಂಟಿನಲ್ಲಿರುವ ಶಬ್ದ ಕಣಜದಲ್ಲಿರುವ ಜೋಳದಂತೆ; ಯಾರಾದರೂ ಬಿತ್ತಬೇಕು, ಇಲ್ಲವೆ ಉಣ್ಣಬೇಕು.

ಒಂದು ಸಲ ಬಿತ್ತಿದ್ದುಂಟು, ಅದೂ ತುರುವನೂರಿನಲ್ಲಿಯೇ. ೧೯೩೯ರಲ್ಲಿ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಕಾಂಗ್ರೆಸ್ಸಿನವರು ನಡೆಸಿದ ಚಳವಳಿಯಲ್ಲಿ, ಈ ಊರು ಅರಣ್ಯ ಸತ್ಯಾಗ್ರಹದ ನೆಲೆಯಾಯಿತು. ಈಚಲ ಮರದಿಂದ ಇಳಿಸುವ ಹೆಂಡದಿಂದ ಸರ್ಕಾರಕ್ಕೆ ವರಮಾನ ಬರುತ್ತಿತ್ತು. ಹಳ್ಳಿಯ ಸಂಸಾರಗಳಿಗೆ ಹಾಳು ಬರುತ್ತಿತ್ತು. ಜನರು ಕೊಡಲಿ ಹಿಡಿದು ಬಹಿರಂಗವಾಗಿ ಆ ಮರಗಳನ್ನು ಕಡಿದು, ಶಿಕ್ಷೆಗೆ ತಮ್ಮನ್ನು ಒಪ್ಪಿಸಿಕೊಂಡರು. ಸತ್ಯಾಗ್ರಹವೆಂಬ ಶಬ್ದವನ್ನು ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ರೂಪಿಸಿದ್ದು. ಮೊದಲು ಬಂಧುವೊಬ್ಬರು ಸೂಚಿಸಿದ್ದು ‘ಸದಾಗ್ರಹ’. ಗಾಂಧೀಜಿ ಅದನ್ನು ‘ಸತ್ಯಾಗ್ರಹ’ವೆಂದು ತಿದ್ದಿಕೊಂಡರು. ಸತ್ಯದಲ್ಲಿ ಬಿಡದ ಹಿಡಿತ. ಹಳಗನ್ನಡದವನು ಇದನ್ನು ಕೇಳಿದ್ದರೆ ಏನೆಂದು ಅನುವಾದಿಸುತ್ತಿದ್ದನು? ನನ್ನಿಯ ಚಲವೆಂದು. ಪಂಪನು ಕರ್ಣನಿಗೊಂದು ದುರ್ಯೋಧನನಿಗೊಂದು ಬೇರೆಬೇರೆಯಾಗಿ ಹಂಚಿಟ್ಟಿದ್ದ ಎರಡು ಗುಣಗಳನ್ನು ಒಂದು ಹಳ್ಳಿಯವರು ಒಂದೇ ಕೊಡಲಿಯ ಕಾವಿಗೆ ಸೇರಿಸಿ ಹಿಡಿದರು. ಮರವನ್ನು ಕಡಿದವರು ಕಾವಲುಗಾರನ ಮೇಲೆ ಕೈಯೆತ್ತಬಾರದೆಂಬುದು ಕಟ್ಟಳೆ. ಸಾಧುವೆಂಬ ಶಬ್ದಕ್ಕೆ ಅದರ ಹಳೆಯ ಅಲಗು ಮರಳಿ ಬಂದದ್ದು ಹೀಗೆ. ಆಗ ಚಿತ್ರದುರ್ಗದಲ್ಲಿ ವಕೀಲರಾಗಿದ್ದ, ಮುಂದೆ ರಾಜ್ಯದ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ಈ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡರು. ಅವರ ವಕೀಲಿಯ ಸನ್ನದು ರದ್ದಾಯಿತು. ಸರ್ಕಾರವು ತಾನು ಕೊಟ್ಟಿದ್ದ ನಡತೆಯ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡಿತು ಎನ್ನಿ. ಊರವರು ಬೇರೆಯದನ್ನು ಆಗಲೇ ಕೊಟ್ಟಾಗಿತ್ತು.

ನನ್ನನ್ನು ಕಾಣಬಂದ ಮುದುಕರಿಗೆ ಈ ಸತ್ಯಾಗ್ರಹದ ವಿಷಯ ಗೊತ್ತೆ ಎಂದು ಕೇಳಿದೆನು. “ನಾನಾಗ ಹುಟ್ಟಿರಲಿಲ್ಲ, ಸ್ವಾಮಿ. ನಮ್ಮಪ್ಪ ಹೇಳ್ತಿದ್ದ. ಕಡಿದೋರು ಓಡಿಹೋಗಲಿಲ್ವಂತೆ” ಎಂದರು. ವೀರರೆನ್ನಲಿಲ್ಲ, ತ್ಯಾಗಿಗಳೆನ್ನಲಿಲ್ಲ. ಓಡಿಹೋಗಲಿಲ್ಲವೆಂದಷ್ಟೇ ಹೇಳಿ ಎಲೆಯಡಕೆಗೆ ಸುಣ್ಣ ಹಚ್ಚತೊಡಗಿದರು.

ಕರುಳಿನ ಮಾತೊಂದು ಉಳಿದಿದೆ. ದಯೆಯೆಂಬುದು ಸಂಸ್ಕೃತ, ಅಂತಃಕರಣವೂ ಸಂಸ್ಕೃತ. ‘ಕರುಳು’ ನಮ್ಮದು. ಪರರ ನೋವನ್ನು ಕಂಡಾಗ ಹೊಟ್ಟೆಯೊಳಗೆ ಏನೋ ಹಿಂಡಿದಂತಾಗುವುದನ್ನು ಅನುಭವಿಸಿದವನು ಮಾಡಿದ ಮಾತು ಅದು. ಅದು ಇಲ್ಲದವನನ್ನು ಕಣ್ಣಲ್ಲಿ ನೆತ್ತರಿಲ್ಲದವನೆನ್ನುತ್ತಾರೆ. ಹಳಗನ್ನಡದಲ್ಲಿ ಪ್ರೀತಿಗೆ ‘ಎಱಕ’ವೆಂದು ಇನ್ನೊಂದು ಮಾತಿತ್ತು, ‘ಎಱಗು’, ಅಂದರೆ ಬಾಗು, ಎಂಬುದರಿಂದ ಬಂದದ್ದು. ಇನ್ನೊಬ್ಬನ ಕಡೆಗೆ ಬಾಗುವುದೇ ಪ್ರೀತಿ. ಆ ಶಬ್ದವು ಈಗ ಬಳಕೆಯಲ್ಲಿ ಕಾಣದಾಯಿತು. ಶಬ್ದವೊಂದು ಹೋದರೆ ಅದರ ಜೊತೆಗೆ ಏನೇನು ಹೋಗುತ್ತದೆಂಬುದನ್ನು ನೋಡಿ.

ನಮೂನೆಯ ಕಾಗದದ ವಿಷಯ ಹೇಳಿ ಬಿಡುತ್ತೇನೆ. ಆ ದಿನ ನಾನು ಎರಡು ಬೆರಳಗಲದ ಜಾಗವನ್ನು ಬಿಟ್ಟು, ಅಂಚಿನ ಉದ್ದಕ್ಕೂ ಸಣ್ಣಕ್ಷರಗಳಲ್ಲಿ, ಹುಡುಗನ ಕೈ ಶುದ್ಧವೆಂದೂ ಮಾತು ಒಂದೇ ಎಂದೂ ಕರುಳುಳ್ಳವನೆಂದೂ ಬರೆದು ರುಜು ಮಾಡಿ ಕೊಟ್ಟೆನು. ಎಂಟು ದಿನಗಳಾದ ಮೇಲೆ ಹುಡುಗನು ಒಬ್ಬನೇ ಬಂದನು. ಅಂಚಿನಲ್ಲಿ ಬರೆದದ್ದು ಸಲ್ಲುವುದಿಲ್ಲವೆಂದು ಕಾಗದವನ್ನು ಹಿಂದಕ್ಕೆ ಕಳುಹಿಸಿದ್ದರು. ಹೊಸ ನಮೂನೆಯನ್ನು ಮುಂದಿಟ್ಟು, “ಒಂದೇ ಪದ ಸಾಕಂತೆ, ಸಾರ್” ಎಂದನು. ‘ಉತ್ತಮ’ ಎಂದು ಬರೆದೆನು. ಹಳೆಯ ಕಾಗದವನ್ನು ಹರಿಯಹೋದಾಗ ಹುಡುಗನು ಕೈ ಚಾಚಿದನು. “ಅದನ್ನು ಕೊಡಿ, ಸಾರ್. ತಾತನಿಗೆ ಓದಿ ಹೇಳ್ತೀನಿ” ಎಂದನು.